ಬಯಲಮ್ಮನ ಅಂಕಿತ

ಮುನಿಕೆಂಪಮ್ಮನಿಗೆ ಸಿಟ್ಟು ಬಂದರೆ ಪದ ಹುಟ್ಟುತ್ತೆ. ಬೇರೆಯವರಾದರೆ ಪಾತ್ರೆ ಕುಕ್ಕುತ್ತಾರೆ, ಬಾಗಿಲು ದಬಾರಂತ ಹಾಕುತ್ತಾರೆ, ಇಲ್ಲವೇ ಪಕ್ಕದ ಮನೆಯವರ ಮೇಲೆ ಹಾರಾಡುತ್ತಾರೆ. ಈಕೆ ಮೊದಲು ಗೊಣಗೋಕೆ ಶುರು ಮಾಡುತ್ತಾಳೆ. ಗೊಣಗುತ್ತಾ ಗೊಣಗುತ್ತಾ ಅದಕ್ಕೊಂದು ಲಯ ಹತ್ತುತ್ತೆ, ಒಲೆ ಮೇಲಿನ ಸಾರು ಕುದಿಯೋ ಹೊತ್ತಿಗೆ ಎರಡು ಸಾಲು ನಿಂತುಬಿಡುತ್ತೆ. ಬರೆದಿಡೋ ಅಭ್ಯಾಸ ಇಲ್ಲ. ಆಕೆ ಕಟ್ಟಿದ ಪದ ಎಷ್ಟಿದೆ ಅಂತ ಕೇಳಿದರೆ, ನಂಗೇನ್ ಗೊತ್ತು, ಬಾಯ್ಗೆ ಬಂದಷ್ಟು ಅಂತಾಳೆ.

ವಯಸ್ಸು ಐವತ್ತಾರು. ಅಲ್ಲಾಳಸಂದ್ರ ಕೆರೆಯಿಂದಾಚೆ ಹಳೇ ಊರಲ್ಲಿ ಎರಡು ಕೋಣೆಯ ಮನೆ, ಅದೂ ಅವರಮ್ಮನ ಕಾಲದ್ದು. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗಳನ್ನ ನಾಗಸಂದ್ರಕ್ಕೆ ಕೊಟ್ಟಿದೆ. ಗೊರಗುಂಟೆಪಾಳ್ಯದ ಹತ್ತಿರ ಒಂದು ಗಾರ್ಮೆಂಟ್ಸಿನಲ್ಲಿ ಹದಿನೆಂಟು ವರ್ಷದಿಂದ ಕೆಲಸ. ಶರಟಿನ ಕಾಲರಿನ ಒಳಗಡೆ ಕಂಪನಿಯ ಲೇಬಲ್ ಹೊಲಿಯೋದು ಆಕೆಯ ಪಾಲು. ಬೆಳಗ್ಗೆ ಏಳಕ್ಕೆ ಕಂಪನಿ ಟೆಂಪೋ ಬರುತ್ತೆ, ಹೆಬ್ಬಾಳ ದಾಟಿ, ಬಿಇಎಲ್ ಸರ್ಕಲ್ ದಾಟಿ, ಟ್ರಾಫಿಕ್ಕಿನಲ್ಲಿ ಒಂದೂಕಾಲು ಗಂಟೆ ಹಿಡಿಸಿ ಬಿಡುತ್ತೆ. ಟೆಂಪೋದಲ್ಲಿ ಹದಿನಾಲ್ಕು ಜನ ಹೆಂಗಸರು, ಎಲ್ಲರಿಗೂ ಕೆಂಪಮ್ಮನ ಪದ ಬಾಯಿಪಾಠ.

ಆಕೆಯ ಪದಗಳು ಹೆಚ್ಚಾಗಿ ಗುಡಿ, ದರ್ಗಾಗಳ ಮುಂದೆ ಹುಟ್ಟಿದವು. ಭಕ್ತಿ ಉಕ್ಕಿ ಹರಿದು ಹುಟ್ಟಿದವು ಅಂತ ತಿಳಿಯಬೇಡಿ. ಒಂದು ದೇವರ ಜಾಗದಿಂದ ಇನ್ನೊಂದಕ್ಕೆ ಹೋದಾಗ ಕಣ್ಣಿಗೆ ಹೊಡೆಯುತ್ತಲ್ಲ ವ್ಯತ್ಯಾಸ, ಅದರಿಂದ ಹುಟ್ಟಿದವು. ಇಸ್ತ್ರಿ ಸೆಕ್ಷನ್ನಿನ ಮುಜಫ್ಫರ್ ಒಂದು ಸಲ ಲೈನಿನ ಹೆಂಗಸರನ್ನೆಲ್ಲ ಉರುಸಿಗೆ ಅಂತ ದರ್ಗಾಕ್ಕೆ ಕರೆದುಕೊಂಡು ಹೋಗಿದ್ದ. ಗೋರಿಯ ಮೇಲೆ ಹೊದಿಸಿದ ಚಾದರ, ಆ ಚಾದರದ ಮೇಲೆ ಇನ್ನೊಂದು ಚಾದರ, ಹೊರಗಡೆ ಮೆಟ್ಟಿಲ ಮೇಲೆ ಚಳಿಗೆ ಮುದುರಿಕೊಂಡು ಕೂತ ಮುದುಕ. ಸತ್ತೋರಿಗೆ ಏಳು ಹೊದಿಕೆ, ಇದ್ದೋರಿಗೆ ಒಂದೂ ಇಲ್ಲ ಅಂತ ವಾಪಸ್ ಬರೋ ದಾರಿಯಲ್ಲೇ ಒಂದು ಪದ ಕಟ್ಟಿದಳು. ಮುಜಫ್ಫರ್ ಕೋಪ ಮಾಡಿಕೊಳ್ಳಲಿಲ್ಲ. ಅಕ್ಕ, ಇದನ್ನ ನಮ್ಮ ಹಜರತ್ತೇ ಕೇಳಿದ್ರೂ ಹೂಂ ಅಂತಿದ್ರು ಅಂದ. ಮಾರನೇ ವಾರ ಒಂದು ಕಂಬಳಿ ತಗೊಂಡು ಹೋಗಿ ಆ ಮುದುಕನಿಗೆ ಕೊಟ್ಟು ಬಂದ. ಹೀಗೆ ಕೇಳಿಸಿಕೊಳ್ಳೋರೂ ಇದ್ದಾರೆ ಪ್ರಪಂಚದಲ್ಲಿ. ಇಲ್ಲದೆ ಹೋಗಿದ್ದರೆ ಕೆಂಪಮ್ಮ ಯಾವತ್ತೋ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದಳು.

ಎಲ್ಲ ಪದದ ಕೊನೆಗೂ ಒಂದೇ ಹೆಸರು ಬರುತ್ತೆ, ಬಯಲಮ್ಮ. ದರ್ಗಾದ ಪದಕ್ಕೂ ಅದೇ. ಅದು ಆಕೆಯ ಅಂಕಿತ. ಪದ ಕಟ್ಟೋ ಕೆಲಸ ಆಕೆಗೆ ಬಂದಿದ್ದು ಅವರಮ್ಮ ಮುನಿಗಂಗಮ್ಮನಿಂದ. ಆ ಸುತ್ತಿನ ಊರುಗಳಲ್ಲಿ ಪದ ಹೇಳೋ ಮನೆ ನಾಲ್ಕೈದಿದ್ದವು, ಒಂದೊಂದು ಮನೆಗೆ ಒಂದೊಂದು ದೇವರ ಹೆಸರು. ಕಟ್ಟಿದವರು ತಮ್ಮ ಸ್ವಂತ ಹೆಸರನ್ನ ಹಾಡಿನಲ್ಲಿ ತರೋ ಹಾಗಿರಲಿಲ್ಲ, ಅದು ದೊಡ್ಡಸ್ತಿಕೆ ಅನ್ನಿಸಿಕೊಳ್ಳುತ್ತಿತ್ತು. ಕೊನೆಯ ಮಾತು ಕಿವಿಗೆ ಬಿದ್ದರೆ ಸಾಕು, ಓಹೋ ಇದು ಗಂಗಮ್ಮನ ಮನೆ ಪದ ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದರು ಜನ. ಒಬ್ಬರ ಪದವನ್ನ ಇನ್ನೊಬ್ಬರು ಧಾರಾಳವಾಗಿ ಹಾಡಿಕೊಳ್ಳುತ್ತಿದ್ದರು, ಸಾಲು ಸೇರಿಸುತ್ತಿದ್ದರು, ಧಾಟಿ ಬದಲಾಯಿಸುತ್ತಿದ್ದರು. ಅಂಕಿತ ಮಾತ್ರ ಮುಟ್ಟುತ್ತಿರಲಿಲ್ಲ. ಕಳ್ಳರೂ ಮುಟ್ಟದಂಥ ಜಾಗ ಅದು.

ಬಯಲಮ್ಮ ಅಂದರೆ ಒಂದು ಮೊಳ ಎತ್ತರದ ಕಲ್ಲು. ಬೇವಿನ ಮರದ ಬುಡದಲ್ಲಿ, ಅರಿಶಿನ ಕುಂಕುಮ ಮೆತ್ತಿಸಿಕೊಂಡು, ಎರಡು ಅಪಾರ್ಟ್‌ಮೆಂಟ್ ಕಾಂಪೌಂಡುಗಳ ನಡುವೆ ಉಳಿದಿರೋ ಅಂಗೈಯಗಲ ಜಾಗದಲ್ಲಿ ಕೂತಿದ್ದಾಳೆ. ಒಂದು ಪಕ್ಕಕ್ಕೆ ಕರೆಂಟಿನ ಟ್ರಾನ್ಸ್‌ಫಾರ್ಮರು. ಆಕೆಗೆ ಸೂರು ಆಗಿಬರಲ್ಲ. ಹಿಂದೆ ಯಾರೋ ಪುಣ್ಯಾತ್ಮರು ಶೀಟು ಹೊದಿಸಿದ್ದರಂತೆ, ಆಷಾಢದ ಗಾಳಿಗೆ ಹಾರಿತೋ ಅಮ್ಮನೇ ಒದ್ದಳೋ, ಬೆಳಗಾಗೋದರೊಳಗೆ ಶೀಟು ಕೆರೆ ಏರಿ ಮೇಲೆ ಬಿದ್ದಿತ್ತಂತೆ. ಅಲ್ಲಿಂದಾಚೆಗೆ ಯಾರೂ ಆ ತಂಟೆಗೆ ಹೋಗಿಲ್ಲ. ಶುಕ್ರವಾರ ಸಂಜೆ ಹೆಂಗಸರು ಬಂದು ದೀಪ ಹಚ್ಚುತ್ತಾರೆ, ಪದ ಹೇಳುತ್ತಾರೆ, ಹೋಗುತ್ತಾರೆ. ಪೂಜಾರಿ ಇಲ್ಲ, ಹುಂಡಿ ಇಲ್ಲ.

ಅಲ್ಲಿಂದ ಕೂಗಳತೆ ದೂರದಲ್ಲಿ ವೆಂಕಟರಾಮಯ್ಯ ಲೇಔಟು. ವೆಂಕಟರಾಮಯ್ಯ ಅಂದರೆ ಆ ಊರಿನ ದೊಡ್ಡ ರೈತ, ಈಗಿಲ್ಲ. ರಾಗಿ ಬೆಳೆಯುತ್ತಿದ್ದ ಅವರ ಹೊಲವೆಲ್ಲ ಸೈಟಾಗಿ, ಮಗ ಅಶ್ವತ್ಥ್ ಬಿಲ್ಡರ್ ಆಗಿ, ಲೇಔಟಿನ ನಡುಮಧ್ಯೆ ಸ್ವರ್ಣ ಭುವನೇಶ್ವರಿ ದೇವಸ್ಥಾನ ಎದ್ದಿದೆ. ನೆಲಕ್ಕೆ ಹಾಲುಗಲ್ಲು, ಬಾಗಿಲಿಗೆ ಬೆಳ್ಳಿ ತಗಡು, ಗರ್ಭಗುಡಿಗೆ ಏಸಿ. ಚೆನ್ನಾಗಿಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ, ಚೆನ್ನಾಗೇ ಇದೆ. ಕೆಂಪಮ್ಮನೂ ಹಬ್ಬಕ್ಕೆ ಹುಣ್ಣಿಮೆಗೆ ಹೋಗಿ ಕೈಮುಗಿದು ಬರುತ್ತಿದ್ದಳು. ತಾಯಿಯ ಮುಖ ಬಲು ಲಕ್ಷಣ ಅಂತಲೂ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ, ಕೆಲಸ ಮುಗಿಸಿ ಟೆಂಪೋ ಇಳಿಯೋದಕ್ಕೂ ಮಳೆ ಸುರಿಯೋದಕ್ಕೂ ಸರಿಹೋಯಿತು. ಓಡಿ ಹೋಗಿ ದೇವಸ್ಥಾನದ ಮುಖಮಂಟಪ ಹತ್ತಿದಳು. ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೆಕ್ಯೂರಿಟಿಯವನು ಬಂದು, ಆಂಟಿ, ಒದ್ದೆ ಬಟ್ಟೇಲಿ ಇಲ್ಲಿ ನಿಲ್ಲಂಗಿಲ್ಲ, ಮಾರ್ಬಲ್ಲು ಕಲೆ ಆಗುತ್ತೆ ಅಂದ. ಕೆಂಪಮ್ಮ ಅವನನ್ನೇ ನೋಡಿದಳು. ಒದ್ದೆ ಬಟ್ಟೆಯಲ್ಲಿ ದೇವಸ್ಥಾನ ಸುತ್ತಿದರೆ ಮಡಿ ಅಂತಾರೆ, ಒದ್ದೆ ಬಟ್ಟೆಯಲ್ಲೇ ಉರುಳುಸೇವೆ ಮಾಡುತ್ತಾರೆ. ಅದು ತಲೆ ಮೇಲೆ ನೀರು ಹೊಯ್ದುಕೊಂಡು ಬಂದವರಿಗಾಯಿತು, ಮಳೆ ಹೊಯ್ದರೆ ಮೈಲಿಗೆಯೇ? ಅವನೂ ಕೂಲಿಯವನು, ಅವನಿಗೆ ಹೇಳಿಕೊಟ್ಟವರು ಬೇರೆ ಅಂದುಕೊಂಡು ಮೆಟ್ಟಿಲಿಳಿದಳು. ಇಳಿಯುವಾಗ ಕಾಲು ಜಾರಿ ಮಂಡಿ ತರಚಿತು. ಪಿತ್ತ ನೆತ್ತಿಗೇರಿತ್ತು. ಮನೆ ಕಡೆ ಹೋಗದೆ ಬಯಲಮ್ಮನ ಕಡೆ ನಡೆದಳು. ಅಲ್ಲಿ ನೋಡಿದರೆ ಅಮ್ಮನೂ ತೊಪ್ಪೆಯಾಗಿ ಕೂತಿದ್ದಾಳೆ, ಅರಿಶಿನವೆಲ್ಲ ಕೊಚ್ಚಿಕೊಂಡು ಹೋಗಿ ಬರೀ ಕಲ್ಲು ಉಳಿದಿದೆ. ಮಳೆಯಲ್ಲೇ ಕೆಸರಲ್ಲಿ ಕೂತು ಕೆಂಪಮ್ಮ ಗೊಣಗಿದಳು. ಗೊಣಗಿದ್ದು ಹೀಗೆ ನಿಂತಿತು.

ಅಲ್ಲಿ ಹಾಲುಗಲ್ಲ ನೆಲ, ಹೆಜ್ಜೆ ಇಟ್ಟರೆ ಜಾರುತೈತೆ
ಇಲ್ಲಿ ಕೆಸರು ಕಾಲ ಹಿಡಿದು ಕೂರು ಮಗಳೆ ಅನ್ನುತೈತೆ
ಕದವಿಲ್ಲ, ಅಗುಳಿಯಿಲ್ಲ, ಕಾಯುವಂಥ ಆಳೂ ಇಲ್ಲ
ನೀನೂ ನೆಂದೆ, ನಾನೂ ನೆಂದೆ, ಬಯಲಮ್ಮ

ಮಾರನೇ ದಿನ ಟೆಂಪೋದಲ್ಲಿ ಹೇಳಿದಳು. ಹದಿನಾಲ್ಕು ಜನರಲ್ಲಿ ನಾಲ್ಕು ಜನ ಕಣ್ಣೊರೆಸಿಕೊಂಡರು, ಯಾಕಂದರೆ ಅವರೂ ಎಲ್ಲೆಲ್ಲೋ ಮೆಟ್ಟಿಲು ಇಳಿದು ಬಂದವರೇ. ಶುಕ್ರವಾರದ ಹೊತ್ತಿಗೆ ಎರಡನೇ ನುಡಿ ಸೇರಿತ್ತು, ಉದುರಿದ ಬೇವಿನ ಹೂವೇ ನಿನಗೆ ಹಾರ, ನಿನಗೆ ಸೀರೆ ಅಂತ. ಆಮೇಲೆ ಪದ ಆಕೆಯ ಕೈ ಮೀರಿ ಓಡಿತು. ಯಲಹಂಕದ ಭಜನೆ ಮನೆಗಳಲ್ಲಿ ಹಾಡಿದರು, ಆರ್.ಟಿ. ನಗರದ ಯಾವುದೋ ಮಹಿಳಾ ಸಂಘದಲ್ಲಿ ಹಾಡಿದರು, ಯಶವಂತಪುರದ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರೋ ಹೆಂಗಸೊಬ್ಬಳು ಗುನುಗೋದನ್ನ ಕೆಂಪಮ್ಮನೇ ಕಿವಿಯಾರೆ ಕೇಳಿ, ಹತ್ತು ರೂಪಾಯಿಯ ಸೊಪ್ಪಿಗೆ ಅರ್ಧ ಗಂಟೆ ನಿಂತಿದ್ದಳು. ಎಲ್ಲರೂ ಬಯಲಮ್ಮ ಅಂತಲೇ ಮುಗಿಸುತ್ತಿದ್ದರು. ಆಕೆಗೆ ಅಷ್ಟೇ ಸಾಕಾಗಿತ್ತು.

ಅಶ್ವತ್ಥನ ಸೊಸೆ ನಯನಾ ಸಂಗೀತ ಕಲಿತ ಹುಡುಗಿ, ಒಳ್ಳೆಯ ಕಂಠ. ಒಂದು ಭಾನುವಾರ ಕಾರು ದೂರ ನಿಲ್ಲಿಸಿ, ಗಲ್ಲಿಯೊಳಗೆ ನಡೆದು ಬಂದು ಕೆಂಪಮ್ಮನ ಬಾಗಿಲು ತಟ್ಟಿದಳು. ಆ ಹಾಡು ಕಲಿಸಿಕೊಡಿ ಆಂಟಿ ಅಂದಳು. ಚಾಪೆ ಮೇಲೆ ಕೂತಳು, ಸ್ಟೀಲ್ ಲೋಟದಲ್ಲಿ ಕೊಟ್ಟ ಕಾಫಿ ಕುಡಿದಳು, ಒಂದೊಂದು ಸಾಲನ್ನೂ ನಾಲ್ಕು ಸಲ ಹೇಳಿಸಿಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಮೂರು ಭಾನುವಾರ ಬಂದಳು. ಕೆಂಪಮ್ಮನಿಗೆ ಹೊಟ್ಟೆಯ ಮಗಳೇ ಬಂದಷ್ಟು ಸಂತೋಷ. ಕೊನೆಯ ದಿನ ಹುಡುಗಿಯ ಕೈ ಹಿಡಿದುಕೊಂಡು, ನೀನು ರಾಗ ಎಂಗಾದ್ರೂ ಎಳ್ಕೊ ಮಗಳೆ, ತಾಳ ಎಂಗಾದ್ರೂ ಹಾಕ್ಕೊ, ಕೊನೇ ಮಾತು ಮಾತ್ರ ಮುಟ್ಟಬ್ಯಾಡ ಅಂತ ಹೇಳಿ ಕಳಿಸಿದಳು. ನಯನಾ ತಲೆಯಾಡಿಸಿದಳು.

ಹದಿನೈದು ದಿನ ಬಿಟ್ಟು ಅಶ್ವತ್ಥನೇ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತು ಬಲು ಮರ್ಯಾದೆಯಿಂದ ಮಾತಾಡಿದ. ದೇವಸ್ಥಾನದ ವಾರ್ಷಿಕೋತ್ಸವ ಬರ್ತಿದೆ ಕೆಂಪಕ್ಕ, ನಿಮ್ಮ ಹಾಡನ್ನ ಸ್ಟುಡಿಯೋದಲ್ಲಿ ಮಾಡಿಸಿ ಅಮ್ಮನವರ ಸುಪ್ರಭಾತದ ಜೊತೆ ಹಾಕೋಣ ಅಂತಿದೀವಿ, ಒಂದೇ ಒಂದು ಮಾತು ಬದಲಾಯಿಸಿಕೊಡಿ ಅಂದ. ಬಯಲಮ್ಮ ಇರೋ ಕಡೆ ಭುವನೇಶ್ವರಿ ಅಂತ ಇಟ್ಟರಾಯಿತು, ಮೊದಲ ಎರಡು ಸಾಲು ಬೇಡ, ನಮಗೇ ಬೈದ ಹಾಗಿದೆ ಅಂತ ನಕ್ಕ. ಕೆಂಪಮ್ಮ ಆಗಲ್ಲಪ್ಪ ಅಂದಳು. ಎರಡೂ ತಾಯಿಯೇ ತಾನೆ ಅಂದ ಅವನು. ತಾಯಿಯೇ, ಆದರೆ ಈ ಪದ ಆ ತಾಯಿಗೆ ಕಟ್ಟಿದ್ದಲ್ಲ, ನಿಮ್ಮ ಗುಡಿ ಅಮ್ಮನಿಗೆ ಬೇಕಾದ್ರೆ ಬ್ಯಾರೆ ಕಟ್ಟಿಕೊಡ್ತೀನಿ ಅಂದಳು. ಬೇರೆ ಬೇಡ, ಇದೇ ಫೇಮಸ್ ಆಗಿರೋದು ಅಂದ. ಕೆಂಪಮ್ಮ ಮತ್ತೆ ಆಗಲ್ಲ ಅಂದಳು. ನೋಡೋಣ ಬಿಡಿ ಅಕ್ಕ, ಅಂತ ಕೈಮುಗಿದು ಹೊರಟ.

ನೋಡೋಣ ಬಿಡಿ ಅಂದರೆ ಏನರ್ಥ ಅಂತ ಆಕೆಗೆ ತಿಳಿಯಲಿಲ್ಲ. ಒಲ್ಲೆ ಅಂದಮೇಲೆ ಮುಗಿಯಿತು ಅಂದುಕೊಂಡಳು. ಹೇಳಿ, ಇದೂ ಒಂದು ತಪ್ಪೇ? ಒಂದು ಮನೆಯ ಅಂಕಿತ ಕೀಳಬಾರದು ಅನ್ನೋದು ನೀರಿಗೆ ವಿಷ ಹಾಕಬಾರದು ಅನ್ನೋಷ್ಟು ಸಾಮಾನ್ಯ ಸಂಗತಿ ಅಂತ ತಿಳಿದು ಬೆಳೆದವಳು. ಇಷ್ಟು ಜನ ಓದಿದವರಿರೋ ಮನೆಯಲ್ಲಿ ಅಷ್ಟೂ ಗೊತ್ತಿರಲ್ಲ ಅಂತ ಆಕೆ ಹೇಗೆ ಊಹಿಸಿಯಾಳು.

ಒಂದು ತಿಂಗಳಾದ ಮೇಲೆ, ಬೆಳಗ್ಗೆ ಐದೂವರೆಗೆ, ಕೆಂಪಮ್ಮ ನಲ್ಲಿಯಲ್ಲಿ ಬಿಂದಿಗೆ ತುಂಬಿಸುತ್ತಿದ್ದಾಗ ಗೋಪುರದ ಮೈಕು ಮಾತಾಡಿತು. ಮೊದಲು ಕೊಳಲು, ಆಮೇಲೆ ತಬಲ, ಆಮೇಲೆ ನಯನಾಳ ದನಿ. ಕದವಿಲ್ಲ, ಅಗುಳಿಯಿಲ್ಲ. ಎಷ್ಟು ಚೆಂದ ಹಾಡಿದ್ದಳು ಅಂದರೆ ಕೆಂಪಮ್ಮನ ಮುಖ ಒಂದು ಗಳಿಗೆ ಅರಳಿತು. ನೀನೂ ನೆಂದೆ, ನಾನೂ ನೆಂದೆ, ಭುವನೇಶ್ವರಿ. ಬಿಂದಿಗೆ ತುಂಬಿ ನೀರು ಕಾಲ ಮೇಲೆ ಹರಿಯುತ್ತಿತ್ತು, ಆಕೆಗೆ ನಲ್ಲಿ ನಿಲ್ಲಿಸೋದೂ ತೋಚಲಿಲ್ಲ. ಬೆಳ್ಳಿ ಬಾಗಿಲಿಟ್ಟುಕೊಂಡು, ಮೂರು ಪಾಳಿಯಲ್ಲಿ ಸೆಕ್ಯೂರಿಟಿ ಇಟ್ಟುಕೊಂಡು, ಕದವಿಲ್ಲ ಕಾಯೋ ಆಳಿಲ್ಲ ಅಂತ ಊರಿಗೆಲ್ಲ ಕೇಳೋ ಹಾಗೆ ಹಾಡಿಸ್ತಾರಲ್ಲ, ಇವರ ತಲೆಯಲ್ಲಿ ಏನು ತುಂಬಿದೆ? ಒಂದು ಮಾತು ಬದಲಾಯಿಸಿದವರಿಗೆ ಮಿಕ್ಕ ಮಾತು ಏನು ಹೇಳುತ್ತಿದೆ ಅಂತ ಕೇಳಿಸಲೇ ಇಲ್ಲ. ಕೇಳಿಸೋಕೆ ಅವರು ಪದವನ್ನ ಕೇಳಿದ್ದರೆ ತಾನೆ.

ಅವತ್ತು ಫ್ಯಾಕ್ಟರಿಯಲ್ಲಿ ಆಕೆಯ ಕೈ ಓಡಲಿಲ್ಲ. ಕೆಲವು ಸಲ ಎಕ್ಸ್‌ಪೋರ್ಟಿನಲ್ಲಿ ಉಳಿದ ಶರಟುಗಳು ವಾಪಸ್ ಬರುತ್ತವೆ, ಆಗ ಇದೇ ಕೈಗೆ ಕತ್ತರಿ ಕೊಟ್ಟು, ಹೊಲಿದ ಲೇಬಲನ್ನ ಕತ್ತರಿಸು ಅಂತಾರೆ. ಲೇಬಲ್ ಇಲ್ಲದ ಶರಟು ಫುಟ್‌ಪಾತಿಗೆ ಹೋಗುತ್ತೆ, ಯಾರು ಹೊಲಿದದ್ದು, ಯಾವ ಕಂಪನಿ, ಯಾರೂ ಕೇಳಲ್ಲ. ಹದಿನೆಂಟು ವರ್ಷ ಅದನ್ನ ಮಾಡಿದ್ದಾಳೆ. ಅದು ಬಟ್ಟೆ, ಬಟ್ಟೆಗೆ ನೋವಾಗಲ್ಲ. ಇದು ಆಕೆಯ ಅಮ್ಮ ಬಿಟ್ಟುಹೋದ ಒಂದೇ ಒಂದು ಆಸ್ತಿ. ಸೂಪರ್‌ವೈಸರ್ ಬಂದು ಏನಮ್ಮ ಪೀಸು ಗುಡ್ಡೆ ಬಿದ್ದಿದೆ ಅಂತ ಗದರಿಸಿದಾಗ, ಈಕೆ ಕೊಟ್ಟ ಉತ್ತರಕ್ಕೆ ಆತ ಮತ್ತೆ ಆ ಲೈನಿನ ಕಡೆ ಸುಳಿಯಲಿಲ್ಲ.

ಪಕ್ಕದ ಮನೆಯ ಸೊಣ್ಣಮ್ಮ, ಚಿಕ್ಕಂದಿನ ಗೆಳತಿ, ಸಮಾಧಾನ ಹೇಳೋಕೆ ಬಂದಳು. ಓಗ್ಲಿ ಬಿಡೇ ಕೆಂಪಿ, ಇಂಗಾದ್ರೂ ನಿನ್ ಪದ ದೊಡ್ಡ ಗುಡಿ ಸೇರ್ತು ಅಂದಳು. ಕೆಂಪಮ್ಮ ಆಕೆಯನ್ನ ಮನೆಯಿಂದ ಆಚೆಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಮೂರು ದಿನ ಮಾತು ಬಿಟ್ಟಳು. ನಯನಾಳಿಗೆ ಫೋನ್ ಮಾಡಿದರೆ ಆ ಹುಡುಗಿ ಎತ್ತಲಿಲ್ಲ. ಅಶ್ವತ್ಥನ ಆಫೀಸಿಗೆ ಎರಡು ಸಲ ಹೋದರೆ ಸಾರ್ ಸೈಟ್‌ಗೆ ಹೋಗಿದಾರೆ ಅಂದರು. ಮೈಕು ಮಾತ್ರ ದಿನಾ ಬೆಳಗ್ಗೆ ಐದೂವರೆಗೆ ತಪ್ಪದೆ ಎತ್ತುತ್ತಿತ್ತು.

ವಾರ್ಷಿಕೋತ್ಸವದ ದಿನ ಭಾನುವಾರ. ದೇವಸ್ಥಾನದ ಬಾಗಿಲ ಮುಂದೆಯೇ ವೇದಿಕೆ, ಪೆಂಡಾಲು, ಐನೂರು ಕುರ್ಚಿ, ಹಿಂದುಗಡೆ ಊಟದ ವ್ಯವಸ್ಥೆ. ಬಿಸಿಬೇಳೆಬಾತಿನ ಘಮ ರಸ್ತೆಗೇ ಬರುತ್ತಿತ್ತು. ಟೆಂಪೋದ ಹೆಂಗಸರೂ ಎಂಟು ಹತ್ತು ಜನ ಬಂದಿದ್ದರು. ಕೆಂಪಮ್ಮ ಮದುವೆಗೆ ಉಡೋ ಸೀರೆ ಉಟ್ಟು, ಸೊಣ್ಣಮ್ಮನ ಪಕ್ಕ, ಐದನೇ ಸಾಲಿನಲ್ಲಿ ಕೂತಳು. ಜಗಳಕ್ಕೆ ಅಂತ ಬಂದಿರಲಿಲ್ಲ. ಇಷ್ಟು ಜನರೆದುರಿಗೆ ಹುಡುಗಿ ಸರಿಯಾಗಿ ಹಾಡಿಯಾಳು ಅಂತ ಒಂದು ಎಳೆ ಆಸೆ ಇತ್ತು.

ನಿರೂಪಣೆ ಮಾಡುವವರು ಮೈಕು ಹಿಡಿದು, ಈಗ ಒಂದು ಸಾಂಪ್ರದಾಯಿಕ ಜನಪದ ಗೀತೆ ಅಂದರು. ಯಾರು ಕಟ್ಟಿದರೋ ತಿಳಿಯದು, ನೂರಾರು ವರ್ಷಗಳಿಂದ ತಾಯಂದಿರ ಬಾಯಿಂದ ಬಾಯಿಗೆ ಬಂದದ್ದು ಅಂದರು. ಪದಕ್ಕೆ ಎರಡು ವರ್ಷ ವಯಸ್ಸು. ಕಟ್ಟಿದವಳು ಐದನೇ ಸಾಲಿನಲ್ಲಿ ಕೂತು ಉಸಿರಾಡುತ್ತಿದ್ದಾಳೆ. ಕೆಂಪಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಅಂಕಿತ ಕಿತ್ತದ್ದು ಸಾಲದು ಅಂತ ಬದುಕಿರುವವಳನ್ನೇ ಹೂತುಬಿಟ್ಟರಲ್ಲ. ನಯನಾ ರೇಷ್ಮೆ ಸೀರೆಯಲ್ಲಿ ಬಂದು ಕೂತು, ಕಣ್ಣು ಮುಚ್ಚಿ, ಮೊದಲ ನುಡಿ ಹಾಡಿ ಭುವನೇಶ್ವರಿ ಅಂತ ಮುಗಿಸಿದಳು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲೋದರೊಳಗೆ ಕೆಂಪಮ್ಮ ಎದ್ದು, ಸೊಣ್ಣಮ್ಮ ಸೆರಗು ಹಿಡಿದು ಎಳೆದರೂ ಬಿಡಿಸಿಕೊಂಡು, ವೇದಿಕೆಯ ಮೆಟ್ಟಿಲು ಹತ್ತಿದಳು.

ಅಶ್ವತ್ಥ್ ನಗುತ್ತಲೇ ಎದುರಿಗೆ ಬಂದ. ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆ ಕೆಂಪಕ್ಕ ಅಂದ. ಊಟಕ್ಕೆ ಬಂದಿದ್ದಾಳೆ ಅಂದುಕೊಂಡನಂತೆ. ಇಷ್ಟು ವರ್ಷ ಅವನಿಗೆ ನೀವು ತಾವು ಅನ್ನುತ್ತಿದ್ದ ಬಾಯಿ ಅವತ್ತು ಬದಲಾಯಿತು.

"ಈ ಪದ ನಂದು ಅಶ್ವತ್ಥಪ್ಪ. ನಿಂಗೆ ಗೊತ್ತು."

"ಹಾಡು ಅಂದ್ಮೇಲೆ ಎಲ್ಲರದೂ ಅಕ್ಕ. ನಿಮ್ಮದು ಅನ್ನೋಕೆ ಅದ್ರಲ್ಲಿ ನಿಮ್ಮ ಹೆಸರೆಲ್ಲಿದೆ?"

"ಎಸ್ರು ಇತ್ತು. ನೀನು ಕಿತ್ತಾಕ್ದೆ."

ಮೈಕು ನಯನಾಳ ಮುಂದೆ ಹಾಗೇ ಇತ್ತು, ಮಾತು ಪೆಂಡಾಲಿಗೆಲ್ಲ ಕೇಳಿಸಿತು. ಅಶ್ವತ್ಥನ ಮುಖ ಕೆಂಪಾಯಿತು, ಆದರೆ ಅವನು ವ್ಯವಹಾರಸ್ಥ. ಪಕ್ಕದವನಿಗೆ ಕಣ್ಸನ್ನೆ ಮಾಡಿದ. ಗಣ್ಯರಿಗೆ ಅಂತ ತಂದಿಟ್ಟಿದ್ದ ಶಾಲುಗಳಲ್ಲಿ ಒಂದು ಬಂತು, ಹಣ್ಣಿನ ಬುಟ್ಟಿ ಬಂತು. ನಮ್ಮೂರಿನ ಹಿರಿಯ ಗಾಯಕಿಗೆ ಸನ್ಮಾನ ಅಂತ ನಿರೂಪಕರು ತಡಮಾಡದೆ ಕೂಗಿದರು. ನಮ್ಮಲ್ಲಿ ಯಾರದಾದರೂ ಬಾಯಿ ಮುಚ್ಚಿಸಬೇಕು ಅಂದರೆ ಹೊಡೆಯೋದು ಬೇಕಿಲ್ಲ, ಶಾಲು ಹೊದಿಸಿದರೆ ಸಾಕು. ಎಂಥೆಂಥವರೋ ಆ ಶಾಲಿನಡಿ ತಣ್ಣಗಾಗಿದ್ದಾರೆ. ಕೆಂಪಮ್ಮ ಹೆಗಲ ಮೇಲೆ ಬಿದ್ದದ್ದನ್ನ ತೆಗೆದು, ಬೈದಾಡದೆ ನಾಲ್ಕು ಮಡಿಕೆ ಮಡಿಸಿ, ಖಾಲಿ ಕುರ್ಚಿಯ ಮೇಲಿಟ್ಟಳು. ಆಮೇಲೆ ಜನಕ್ಕೆ ಬೆನ್ನು ಮಾಡಿ ಗರ್ಭಗುಡಿ ಕಡೆ ತಿರುಗಿದಳು.

"ತಾಯೀ, ನಿನ್ ಮೇಲೆ ನಂಗೆ ಸಿಟ್ಟಿಲ್ಲ. ಒಂದ್ ಮಾತು ಕೇಳ್ತೀನಿ, ಅಷ್ಟೇಯ. ನೀನು ಯಾವತ್ತಾದ್ರೂ ಮಳೇಲಿ ನೆಂದಿದ್ದೀಯಾ? ನೆಂದಿದ್ರೆ ಈ ಪದ ನೀನೇ ಮಡಿಕ್ಕೊ."

ಒಳಗಡೆ ಏಸಿ ಗುಂಯ್‌ಗುಡೋದು ಕೇಳಿಸುತ್ತಿತ್ತು. ಅರ್ಚಕರು ಆರತಿ ತಟ್ಟೆ ಹಿಡಿದುಕೊಂಡು, ತಾವೇನಾದರೂ ಹೇಳಬೇಕೋ ಅನ್ನೋ ಗೊಂದಲದಲ್ಲಿ ದೇವಿಯ ಮುಖ ಒಂದು ಸಲ, ಅಶ್ವತ್ಥನ ಮುಖ ಒಂದು ಸಲ ನೋಡಿದರು. ಅಶ್ವತ್ಥ್ ಸೊಸೆಗೆ, ಹಾಡಮ್ಮ, ಎರಡನೇ ನುಡಿ ಹಾಡು ಅಂದ. ನಯನಾ ಶ್ರುತಿಪೆಟ್ಟಿಗೆ ಹಿಡಿದುಕೊಂಡು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಇನ್ನೊಂದು ಸಲ ಹಾಡೋಕೆ ನೋಡಿದಳು. ಬದಲಾಯಿಸಬೇಡಿ ಅಂತ ನಾನು ಹೇಳ್ದೆ ಆಂಟಿ ಅವರಿಗೆ, ಅಂತ ಪಿಸುಗುಟ್ಟಿ ತಲೆ ತಗ್ಗಿಸಿದಳು. ಹುಡುಗಿಯ ಕಣ್ಣಲ್ಲಿ ನೀರಿತ್ತು.

ಮನುಷ್ಯರ ಗಂಟಲು ಕಟ್ಟಿದರೇನಂತೆ, ಪೆನ್ ಡ್ರೈವಿಗೆ ಗಂಟಲು ಕಟ್ಟಲ್ಲವಲ್ಲ. ಅಶ್ವತ್ಥ್ ಸೌಂಡಿನವನ ಕಡೆ ಕೈ ಬೀಸಿದ. ಅದೇ ನಯನಾಳ ದನಿ, ಸ್ಟುಡಿಯೋದ್ದು, ಕೊಳಲು ತಬಲದ ಸಮೇತ ಎಂಟು ಸ್ಪೀಕರುಗಳಿಂದ ಒಟ್ಟಿಗೆ ಹೊರಟಿತು. ಎದುರಿಗೆ ಅಳುತ್ತಾ ಕೂತಿರುವವಳ ದನಿಯೇ ಮೇಲಿನಿಂದ ನಗುನಗುತ್ತಾ ಹಾಡುತ್ತಿತ್ತು. ಭುವನೇಶ್ವರಿ, ಭುವನೇಶ್ವರಿ, ಭುವನೇಶ್ವರಿ ಅಂತ ಕೊನೆಗೆ ಮೂರು ಸಲ ಎಳೆದಿದ್ದರು ಬೇರೆ. ಕೆಂಪಮ್ಮ ಆ ಶಬ್ದದಲ್ಲಿ ಏನೋ ಹೇಳಿದಳು, ಯಾರಿಗೂ ಕೇಳಿಸಲಿಲ್ಲ. ಮೆಟ್ಟಿಲಿಳಿದು, ಕುರ್ಚಿಗಳ ನಡುವೆ ನಡೆದು, ಆಚೆ ಬಂದಳು. ಟೆಂಪೋದ ಹೆಂಗಸರು ಚಪ್ಪಾಳೆಯನ್ನೂ ತಟ್ಟಲಿಲ್ಲ, ಎದ್ದೂ ಬರಲಿಲ್ಲ, ಸೀರೆ ಅಂಚು ತೀಡುತ್ತಾ ಕೂತಿದ್ದರು. ಸೊಣ್ಣಮ್ಮ ಒಬ್ಬಳು ಹಿಂದೆಯೇ ಓಡಿ ಬಂದಳು.

ಬಯಲಮ್ಮನ ಹತ್ತಿರ ಬಂದಾಗ ಹನ್ನೊಂದು ಗಂಟೆಯ ಬಿಸಿಲು. ಮಳೆಯ ಸುಳಿವೇ ಇಲ್ಲ. ಟ್ರಾನ್ಸ್‌ಫಾರ್ಮರು ಬಿಸಿಯಾಗಿ ಎಣ್ಣೆ ವಾಸನೆ ಹೊಡೆಯುತ್ತಿತ್ತು, ಲೇಔಟಿನ ಮೈಕು ಇಲ್ಲಿಗೂ ನಿಚ್ಚಳವಾಗಿ ಕೇಳುತ್ತಿತ್ತು. ಕೆಂಪಮ್ಮ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಬೈಯೋಕೆ ಶುರು ಮಾಡಿದಳು. ಅಶ್ವತ್ಥನನ್ನಲ್ಲ, ಬಯಲಮ್ಮನನ್ನೇ. ನ್ಯಾಯ ಕೇಳೋಕೆ ನಾನು ಬೇರೆಯವರ ಮನೆ ದೇವರ ಹತ್ತಿರ ಹೋಗಬೇಕಾಯ್ತಲ್ಲೇ, ನಿನ್ನ ಹೆಸರು ಕೀಳುವಾಗ ನೀನು ಏನು ಮಾಡ್ತಿದ್ದೆ, ಶೀಟು ಒದ್ದ ಕಾಲು ಎಲ್ಲಿ ಹೋಯ್ತು, ನನ್ನಮ್ಮ ನಲವತ್ತು ವರ್ಷ ನಿನ್ನ ಹೆಸರು ಹೊತ್ತಳು, ನಾನು ಮೂವತ್ತು ವರ್ಷ ಹೊತ್ತೆ, ನೀನು ನಮ್ಮನ್ನ ಒಂದು ದಿನ ಹೊರಲಿಲ್ಲವಲ್ಲ. ಸೊಣ್ಣಮ್ಮ ಹೆದರಿ, ಅಮ್ಮನ್ನ ಅಂಗೆಲ್ಲ ಅನ್ನಬ್ಯಾಡ ಕಣೇ ಅಂತ ಬಾಯಿ ಮುಚ್ಚೋಕೆ ಹೋದಳು. ಕೆಂಪಮ್ಮ ಆ ಕೈ ತಳ್ಳಿದಳು. ಅಳು ಬಂದಿತ್ತು, ಅಳುವಿನ ನಡುವೆಯೇ ಬೈಗುಳಕ್ಕೆ ಲಯ ಹತ್ತುತ್ತಿತ್ತು. ಒಂದೇ ಮಾತನ್ನ ಎರಡು ಸಲ, ಮೂರು ಸಲ ಹೇಳಿದಳು. ಸೊಣ್ಣಮ್ಮನಿಗೆ ಆ ದನಿ ಗೊತ್ತು, ಸುಮ್ಮನೆ ಪಕ್ಕಕ್ಕೆ ಕೂತಳು.

ಶುಕ್ರವಾರ ಸಂಜೆ ಹೆಂಗಸರೆಲ್ಲ ಬಂದರು. ಭಾನುವಾರ ಎದ್ದು ಬರದಿದ್ದವರೂ ಬಂದರು, ಕೆಂಪಮ್ಮನ ಮುಖ ನೋಡೋ ಧೈರ್ಯವಿಲ್ಲದೆ ಬತ್ತಿ ಹೊಸೆಯೋದರಲ್ಲಿ ಮುಳುಗಿದ್ದರು. ಅವರಲ್ಲೊಬ್ಬಳು, ಹಳೇ ಪದ ಹೇಳೋಣ ಅಕ್ಕ, ನಾವಾದ್ರೂ ಸರಿಯಾಗಿ ಹೇಳೋಣ ಅಂದಳು. ಕೆಂಪಮ್ಮ ಬೇಡ ಅಂದಳು. ದೀಪ ಹಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಪುರದ ಕಡೆ ಮುಖ ಮಾಡಿ ನಿಂತು ಹೇಳಿದಳು.

ಕದ್ದ ಪದ ಕೂಗುತೈತೆ ಗೋಪುರದ ಮೈಕಿನಾಗೆ
ಕಿತ್ತ ಹೆಸರ ಗಾಯ ಐತೆ ನನ್ನ ನಾಲಿಗೆಯ ತುದಿಗೆ
ಕದ್ದೋರ ಹೆಸರ ನಾನು ಹೇಳ್ಲಾ, ನೀನೇ ಹೇಳ್ತೀಯಾ, ಬಯಲಮ್ಮ

ಮೊದಲು ಯಾರೂ ದನಿಗೂಡಿಸಲಿಲ್ಲ. ಅಶ್ವತ್ಥನ ಬಾಡಿಗೆ ಮನೆಗಳಲ್ಲಿ ಇರೋರೇ ಅರ್ಧ ಜನ. ಕೆಂಪಮ್ಮ ಯಾರನ್ನೂ ಕರೆಯಲಿಲ್ಲ, ಮತ್ತೆ ಮೊದಲಿನಿಂದ ಎತ್ತಿದಳು. ಎರಡನೇ ಸಲಕ್ಕೆ ಸೊಣ್ಣಮ್ಮ ಸೇರಿದಳು. ಮೂರನೇ ಸಲಕ್ಕೆ, ಹಿಂದೆ ನಿಂತಿದ್ದ ಒಬ್ಬಳು ಕೊನೆಯ ಮಾತನ್ನಷ್ಟೇ ಹೇಳಿದಳು. ನಾಲ್ಕನೇ ಸಲಕ್ಕೆ ಎಲ್ಲರೂ ಹೇಳಿದರು, ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆ ಜನ ಬಂದು ನಿಂತು ನೋಡೋ ಹಾಗೆ ಹೇಳಿದರು.

ಆ ಪದ ಈಗ ಟೆಂಪೋದಲ್ಲಿ ನಡೆಯುತ್ತಿದೆ. ಯಶವಂತಪುರದ ಮಾರ್ಕೆಟ್ಟಿಗೂ ಹೋಗಿದೆ ಅಂತಾರೆ. ಕದ್ದೋರ್ಯಾರು ಅಂತ ಕೇಳದೆ ಅದನ್ನ ಯಾರೂ ಕಲಿತಿಲ್ಲ, ಕೇಳಿದವರಿಗೆ ಯಾರೂ ಹೇಳದೆ ಕಳಿಸಿಲ್ಲ. ಇದರ ಅಂಕಿತ ಬದಲಾಯಿಸಿಕೊಡಿ ಅಂತ ಕೆಂಪಮ್ಮನ ಬಾಗಿಲಿಗೆ ಇದುವರೆಗೆ ಯಾರೂ ಬಂದಿಲ್ಲ.